ತೋಟದ ಕೆಳಗಣ ಪಂಪುಮನೆಗೆ ನಿಸ್ತಂತು ಜಾಲವನ್ನು ಭದ್ರವಾಗಿ ಒಯ್ಯುವ ಕ್ರಮ

(ಲೇಖಕರು: ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಎಜಿ.)

ಮೂರು ಫೇಸಿನ ವಿದ್ಯುತ್ತು ರಾತ್ರಿಯ ಹೊತ್ತು ಬರುವ ಊರುಗಳಲ್ಲಿ, ನಡುರಾತ್ರಿಯಲ್ಲಿ ಎದ್ದು, ಟಾರ್ಚು ಹಿಡಿದು, ಬದುವಿನ ಮೇಲೆ ನಡೆದುಹೋಗಿ ಪಂಪಿನ ಗುಂಡಿಯನ್ನು ಒತ್ತಿ ಬರುವ ಕಷ್ಟವೆಷ್ಟೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ. ಹಾವು ಕಚ್ಚಿದುದೂ, ಜಾರಿ ಬಿದ್ದುದೂ, ಮಲೆನಾಡಿನ ಕೆಲವು ಹೋಬಳಿಗಳಲ್ಲಿ ಆನೆಗೆ ಎದುರಾದುದೂ ಈ ನಡಿಗೆಯಲ್ಲಿಯೇ. ಈಚಿನ ವರ್ಷಗಳಲ್ಲಿ ಅನೇಕ ಯಜಮಾನರ ಮನೆಗಳಿಗೆ ಗಾಜಿನ ಎಳೆಯ ತಂತಿಯ ಮೂಲಕ ಇಂಟರ್ನೆಟ್ ಬಂದಿರುವುದರಿಂದ, ನಾನು ಸರ್ಕೀಟು ಹೋದಲ್ಲೆಲ್ಲಾ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: “ಮನೆಯಲ್ಲಿರುವ ಈ ವೈಫೈಯನ್ನು ತೋಟದ ಕೆಳಗಣ ಪಂಪುಮನೆಯವರೆಗೆ ಒಯ್ಯುವುದಕ್ಕೆ ಆಗುವುದೇ, ಸ್ವಾಮಿ?”

ಆಗುವುದು. ಅಲೆಯನ್ನು ಒಂದು ದಿನ ಅಲ್ಲಿಗೆ ಮುಟ್ಟಿಸುವುದು ಅಂತಹ ದೊಡ್ಡ ಕೆಲಸವಲ್ಲ. ಅಂಗಡಿಯವನೇ ಬಂದು ಅರ್ಧ ದಿನದಲ್ಲಿ ಮುಟ್ಟಿಸಿ ಹೋಗುವನು. ಅದು ವರ್ಷದ ಎಲ್ಲಾ ಮಳೆಗಳಲ್ಲಿಯೂ ಮುಟ್ಟುತ್ತಿರುವಂತೆ ಮಾಡುವುದೂ, ಅದು ನಮ್ಮ ಕೈಯಲ್ಲಿಯೇ ಇದ್ದು ಅನ್ಯರ ಕೈಗೆ ಹೋಗದಂತೆ ಕಾಯುವುದೂ ಬೇರೆಯೇ ಕೆಲಸಗಳು. ನಾನು ಕಂಡಮಟ್ಟಿಗೆ ಈ ಏರ್ಪಾಟುಗಳು ಕೆಟ್ಟುಹೋಗುವುದು ಯಂತ್ರದ ದೋಷದಿಂದಲ್ಲ. ಮರದ ಎಲೆ, ವಿದ್ಯುತ್ತಿನ ಏರಿಳಿತ, ಸಿಡಿಲು ಮತ್ತು ಯಜಮಾನರ ಉದಾಸೀನ, ಈ ನಾಲ್ಕರಿಂದ. ಆದಕಾರಣ ಯಂತ್ರದ ಹೊಗಳಿಕೆಯನ್ನು ಮಾರುವವರಿಗೆ ಬಿಟ್ಟು, ಈ ನಾಲ್ಕರ ವಿಚಾರವನ್ನೇ ಇಲ್ಲಿ ಬರೆಯುತ್ತೇನೆ.

ಮೊದಲಿಗೆ ಒಂದು ಮಾತು. ಪಂಪುಮನೆಯ ಬಳಿ ಮೊಬೈಲಿನ ಸಿಗ್ನಲ್ ಚೆನ್ನಾಗಿ ಸಿಕ್ಕುವುದಾದರೆ ಮತ್ತು ತಮಗೆ ಬೇಕಾದುದು ಮೋಟರನ್ನು ಚಾಲೂ ಮಾಡಿ ನಿಲ್ಲಿಸುವುದಷ್ಟೇ ಆದರೆ, ಸಿಮ್ ಹಾಕುವ ಮೊಬೈಲ್ ಸ್ಟಾರ್ಟರೇ ಸಾಕು. ಕಂಬ, ಆಂಟೆನ ಇವುಗಳ ಪ್ರಯಾಸವು ಬೇಡ. ಸ್ಟಾರ್ಟರು ತಾವು ಬರೆಯಿಸಿಟ್ಟ ನಂಬರುಗಳ ಕರೆಗೆ ಮಾತ್ರ ಓಗೊಡುವಂತಹದಾಗಿರಬೇಕು, ಅಷ್ಟೇ. ತೋಟದ ಹಲವು ಮೂಲೆಗಳಿಂದ ಮಣ್ಣಿನ ತೇವ, ತೊಟ್ಟಿಯ ನೀರಿನ ಮಟ್ಟ ಮೊದಲಾದ ಸಣ್ಣ ಅಂಕಿಗಳನ್ನು ಮಾತ್ರ ತರಿಸಬೇಕಾದರೆ ಲೋರಾ ಎಂಬ ಪದ್ಧತಿಯುಂಟು. ಅದರ ಮಾಪಕಗಳು ಬಹುಕಾಲ ನಿದ್ರಿಸಿ, ಆಗಾಗ್ಗೆ ಎಚ್ಚೆತ್ತು ನಾಲ್ಕಕ್ಷರ ಹೇಳಿ ಮತ್ತೆ ಮಲಗುವುವಾದುದರಿಂದ ಒಂದೇ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುವುವು. ಅಲೆಯು ಉದ್ದವಾದುದರಿಂದ ಎಲೆಗಳ ನಡುವೆ ವೈಫೈಗಿಂತ ಚೆನ್ನಾಗಿ ನುಸುಳುವುದು. ಆದರೆ ಚಿತ್ರವನ್ನು ಅದರಲ್ಲಿ ಕಳುಹಿಸಲಾಗದು. ಕಳ್ಳರು ಕೇಬಲ್ ಕತ್ತರಿಸುವ ಭಯವಿದ್ದು ಪಂಪುಮನೆಯಲ್ಲಿ ಕ್ಯಾಮರಾ ಇಡಬೇಕೆನ್ನುವವರಿಗೂ, ಮೊಬೈಲಿನ ಸಿಗ್ನಲ್ಲೇ ಇಲ್ಲದ ಕಣಿವೆಗಳಲ್ಲಿರುವವರಿಗೂ ಮನೆಯಿಂದ ಪಂಪುಮನೆಗೆ ನೇರವಾಗಿ ಒಂದು ವೈಫೈ ಸೇತುವೆಯನ್ನು ಕಟ್ಟುವುದೇ ಮಾರ್ಗ. ಮುಂದಣ ಮಾತುಗಳೆಲ್ಲಾ ಮುಖ್ಯವಾಗಿ ಇಂತಹವರಿಗೆ.

ನೋಟದ ರೇಖೆ

ಈ ಸೇತುವೆಯೆಂದರೆ ಎರಡು ತುದಿಗಳಲ್ಲಿ ಎರಡು ಕಂಬಗಳು, ಒಂದೊಂದರ ಮೇಲೂ ಒಂದು ರೇಡಿಯೋ. (ರೇಡಿಯೋ ಎಂದರೆ ಇಲ್ಲಿ ಹಾಡು ಕೇಳುವ ಪೆಟ್ಟಿಗೆಯಲ್ಲ, ಅಲೆಯನ್ನು ಕಳುಹಿಸಿ ಹಿಡಿಯುವ ಯಂತ್ರವೆಂದು ತಿಳಿಯತಕ್ಕದ್ದು.) ಮನೆಯ ರೂಟರು ದೀಪದಂತೆ ಸುತ್ತಲೂ ಬೆಳಕು ಬೀರಿದರೆ, ಈ ರೇಡಿಯೋಗಳು ಟಾರ್ಚಿನಂತೆ ಒಂದೇ ದಿಕ್ಕಿಗೆ ಬೀರುವುವು. ಹೀಗೆ ಒಂದೆಡೆಗೆ ಕೂಡಿಸಿದ ಅಲೆಯು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದಲ್ಲಿ ೨೦೦೭ರಲ್ಲಿ ನಡೆದ ಪ್ರಯೋಗವೇ ಸಾಕ್ಷಿ. ಅಲ್ಲಿಯ ಎರಡು ಪರ್ವತ ಶಿಖರಗಳ ನಡುವೆ ವೈಫೈಯ ಸಂಪರ್ಕವು ೩೮೨ ಕಿಲೋಮೀಟರು ದೂರ ಹೋಯಿತು. ಹೀಗಿರಲಾಗಿ ನಮ್ಮ ಐನೂರು ಮೀಟರಿಗೆ ಏನು ಅಡ್ಡಿಯೆಂದರೆ, ಆ ಶಿಖರಗಳ ನಡುವೆ ಬರಿಯ ಗಾಳಿಯಿತ್ತು. ನಮ್ಮ ಮನೆಗೂ ಪಂಪುಮನೆಗೂ ನಡುವೆ ಹಲಸು, ಬೈನೆ, ಬಿದಿರು ಇವೆ. ಎಲೆಯೆಂಬುದು ನೀರು ತುಂಬಿದ ವಸ್ತು. ನೀರು ಈ ಅಲೆಗಳನ್ನು ಕುಡಿದುಬಿಡುವುದು. ಮಳೆಯಲ್ಲಿ ನೆನೆದ ಎಲೆಯು ಮತ್ತೂ ಹೆಚ್ಚಾಗಿ ಕುಡಿಯುವುದು.

ಎರಡು ಕಂಬಗಳು ಒಂದಕ್ಕೊಂದು ಕಣ್ಣಿಗೆ ಕಂಡಮಾತ್ರಕ್ಕೆ ಸಾಲದು. ಅಲೆಯು ನೂಲಿನಂತೆ ನೇರವಾಗಿ ಹೋಗದೆ, ಎರಡು ತುದಿಗಳಲ್ಲಿ ಸಣ್ಣದಾಗಿ ನಡುವೆ ಉಬ್ಬಿದ ಸೌತೆಕಾಯಿಯ ಆಕಾರದಲ್ಲಿ ಹೋಗುತ್ತದೆ. ಇದಕ್ಕೆ ಫ್ರಾನ್ಸಿನ ವಿಜ್ಞಾನಿಯ ಹೆಸರಿನಿಂದ ಫ್ರೆನೆಲ್ ವಲಯವೆನ್ನುವರು. ಈ ಉಬ್ಬಿನಲ್ಲಿ ಮಧ್ಯದಿಂದ ನೂರಕ್ಕೆ ಅರವತ್ತರಷ್ಟಾದರೂ ಬಯಲಾಗಿರಬೇಕೆಂಬುದು ನಿಯಮ. ಐದು ಗಿಗಾಹರ್ಟ್ಸಿನ ರೇಡಿಯೋಗಳಿಗೆ ಅರ್ಧ ಕಿಲೋಮೀಟರಿನ ದೂರವಾದರೆ ನೋಟದ ರೇಖೆಯ ಸುತ್ತಲೂ ನಡುವೆ ೫ ಅಡಿ, ಒಂದು ಕಿಲೋಮೀಟರಿಗೆ, ಅಂದರೆ ಸುಮಾರು ಐದು ಫರ್ಲಾಂಗಿಗೆ, ೭ ಅಡಿ ಬಯಲು ಬೇಕು. ೨.೪ ಗಿಗಾಹರ್ಟ್ಸಿನವಕ್ಕೆ ಇದೇ ದೂರಗಳಿಗೆ ೮ ಅಡಿಯೂ ೧೧ ಅಡಿಯೂ ಬೇಕು. ರೇಖೆಯ ಕೆಳಗಿರುವ ಮರದ ತುದಿಯು ರೇಖೆಗೆ ತಾಕದಿದ್ದರೂ ಈ ಉಬ್ಬಿನೊಳಕ್ಕೆ ಹೊಕ್ಕಿದ್ದರೆ ಅಲೆಯು ಕುಗ್ಗುವುದೆಂಬುದನ್ನು ಮರೆಯಬಾರದು.

ಈ ವಿಷಯದಲ್ಲಿ ನಾನು ಪಟ್ಟ ನಾಚಿಕೆಯ ಕಥೆಯೊಂದನ್ನು ಹೇಳಬೇಕಾಗಿದೆ. ತೀರ್ಥಹಳ್ಳಿಯ ಸೀಮೆಯಲ್ಲಿ ಒಬ್ಬ ಅಡಿಕೆ ತೋಟದ ಯಜಮಾನರು ಹಳ್ಳದ ದಡದ ಪಂಪಿಗೆ ಇಂತಹ ಸೇತುವೆ ಕಟ್ಟಬೇಕೆಂದು ನನ್ನ ಸಲಹೆ ಕೇಳಿದರು. ಫಾಲ್ಗುಣ ಮಾಸ. ನಾನು ಮನೆಯ ಮಾಳಿಗೆಯ ಮೇಲೆ ನಿಂತೆನು. ಆಳೊಬ್ಬನು ಪಂಪಿನ ಬಳಿಯಿಂದ ಕನ್ನಡಿಯಿಂದ ಬಿಸಿಲು ಹಾಯಿಸಿದನು. ಹೊಳಪು ಸ್ಪಷ್ಟವಾಗಿ ಕಂಡಿತು. ರೇಖೆಯ ಕೆಳಗೆ ಒಂದು ಬಿದಿರು ಮೆಳೆಯಿದ್ದಿತಾದರೂ ಅದರ ತುದಿಯು ಹತ್ತು ಹನ್ನೆರಡು ಅಡಿ ಕೆಳಗಿತ್ತು. ಧೈರ್ಯವಾಗಿ ಒಪ್ಪಿಗೆ ಕೊಟ್ಟೆನು. ಕಂಬ ನಿಂತಿತು, ಎರಡು ತಿಂಗಳು ಸೊಗಸಾಗಿ ನಡೆಯಿತು. ಆಷಾಢದಲ್ಲಿ ಆಗಾಗ್ಗೆ ಕಡಿಯತೊಡಗಿತು. ಶ್ರಾವಣದ ಕೊನೆಗೆ ಪೂರ್ತಿಯಾಗಿ ನಿಂತಿತು. ಯಜಮಾನರು ಅಂಗಡಿಯವನನ್ನು ಬೈದರು, ಅಂಗಡಿಯವನು ಮಳೆಯನ್ನು ಬೈದನು. ನಾನು ಹೋಗಿ ನೋಡಲಾಗಿ, ಮೊದಲ ಮಳೆಗೆ ಎದ್ದ ಕಳಲೆಗಳು ಎರಡೇ ತಿಂಗಳಲ್ಲಿ ಪೂರ್ಣ ಎತ್ತರಕ್ಕೆ ಬೆಳೆದು, ಹಳೆಯ ಬಿದಿರನ್ನೂ ಮೀರಿ, ನೋಟದ ರೇಖೆಗೆ ಸರಿಯಾಗಿ ಅಡ್ಡ ನಿಂತಿದ್ದುವು. ಬಿದಿರಿನ ಈ ಗುಣವನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವನಾದ ನನಗೆ ಅದು ಅಲ್ಲಿ ಹೊಳೆಯದೆ ಹೋಯಿತು. ಯಜಮಾನರು ದೊಡ್ಡವರು, “ಇರಲಿ ಬಿಡಿ ಸ್ವಾಮಿ, ಮುಂದಿನ ವರ್ಷ ಪಲ್ಯಕ್ಕಾಯಿತು” ಎಂದರು. ಈಗ ಪ್ರತಿ ವರ್ಷವೂ ಆ ಭಾಗದ ಕಳಲೆಗಳನ್ನು ಮೊಳಕೆಯಲ್ಲಿಯೇ ತೆಗೆಯುತ್ತಾರೆ.

ಅಂದಿನಿಂದ ನಾನು ಹೇಳುವುದೇನೆಂದರೆ, ನೋಟದ ರೇಖೆಯನ್ನು ಗುರುತಿಸುವುದು ಭಾದ್ರಪದದಲ್ಲಿ, ಎಲೆಯೆಲ್ಲಾ ತುಂಬಿ ನೆನೆದಿರುವಾಗ. ಕಂಬ ನಿಲ್ಲಿಸುವುದು ಸ್ವಾತಿ ಮಳೆ ಕಳೆದು ನೆಲ ಗಟ್ಟಿಯಾದ ಮೇಲೆ. ಬೇಸಗೆಯಲ್ಲಿ ರೇಖೆ ನೋಡಿ ಬೇಸಗೆಯಲ್ಲಿಯೇ ಕಂಬ ನಿಲ್ಲಿಸುವವರು ಅರ್ಧ ವರ್ಷವನ್ನು ಮಾತ್ರ ನೋಡಿದವರಾಗುತ್ತಾರೆ. ಎಳೆಯ ತೋಟದವರಿಗೆ ಇನ್ನೊಂದು ಎಚ್ಚರಿಕೆ: ಇಂದು ಅಡಿಕೆ ಸಸಿಗಳ ತಲೆಯ ಮೇಲಿನಿಂದ ಕಾಣುವ ನೋಟವು ಹತ್ತು ವರ್ಷಗಳ ಮೇಲೆ ಇರುವುದಿಲ್ಲ. ಕಾಫಿಯ ನೆರಳಿಗೆ ಸಿಲ್ವರ್ ಓಕ್ ಹಾಕಿದವರಿಗೆ ಅಷ್ಟು ಕಾಲವೂ ದೊರೆಯಲಾರದು.

ನಡುವೆ ಗುಡ್ಡವೇ ಅಡ್ಡವಿದ್ದರೆ ಗುಡ್ಡದ ನೆತ್ತಿಯ ಮೇಲೆ ಒಂದು ಕಂಬವನ್ನು ನಿಲ್ಲಿಸಿ, ಮನೆಯ ಕಡೆಗೊಂದು ಪಂಪುಮನೆಯ ಕಡೆಗೊಂದು ರೇಡಿಯೋ ಕಟ್ಟಿ ಅಲೆಯನ್ನು ದಾಟಿಸಬಹುದು. ಇಂತಹ ನಡುಗಂಬವು ಒಂದಾದರೆ ಸರಿ. ಎರಡು ಬೇಕಾಗುವ ಕಡೆ ನಾನು ಬೇಡವೆನ್ನುತ್ತೇನೆ. ಗುಡ್ಡ ಹತ್ತಿ ನೋಡುವವರು ಮೊದಲ ವರ್ಷ ಇರುತ್ತಾರೆ, ಎರಡನೆಯ ವರ್ಷ ಇರುವುದಿಲ್ಲ.

ಕಂಬ, ಪೆಟ್ಟಿಗೆ, ವಿದ್ಯುತ್ತು

ಕಂಬ ಎತ್ತುವಾಗ ವಿದ್ಯುತ್ತಿನ ಮಾರ್ಗವು ಹತ್ತಿರವಿರಕೂಡದು. ಇಪ್ಪತ್ತಡಿಯ ಕಬ್ಬಿಣದ ಪೈಪು ಕೈತಪ್ಪಿ ೧೧ ಕೆ.ವಿ. ತಂತಿಗೆ ತಾಕಿದರೆ ಹಿಡಿದವರು ಯಾರೂ ಬದುಕುವುದಿಲ್ಲ. ಕಂಬದ ಉದ್ದದ ಎರಡರಷ್ಟು ದೂರವನ್ನಾದರೂ ತಂತಿಯಿಂದ ಬಿಡತಕ್ಕದ್ದು. ವಿದ್ಯುತ್ ಕಂಪೆನಿಯ ಕಂಬಕ್ಕೇ ರೇಡಿಯೋ ಕಟ್ಟಿ ಖರ್ಚು ಉಳಿಸುವ ಆಲೋಚನೆಯೂ ಕೂಡದು. ಮರಕ್ಕೆ ಕಟ್ಟಿದರೆ ಗಾಳಿಗೆ ತೂಗಿ ಗುರಿ ತಪ್ಪುವುದು. ಗುರಿ ತಪ್ಪಿಸುವುದರಲ್ಲಿ ಮಂಗಗಳ ಕೈವಾಡವನ್ನೂ ಕಡೆಗಣಿಸಬಾರದು; ಕಂಬದ ಮೇಲ್ಭಾಗದಲ್ಲಿ ಜೋತಾಡಲು ಅನುಕೂಲವಾದ ಅಡ್ಡ ಕಂಬಿಗಳನ್ನು ಬಿಡದಿರುವುದು ಒಳ್ಳೆಯದು.

ರೇಡಿಯೋ ಪೆಟ್ಟಿಗೆಯ ಮೇಲೆ ಐಪಿ ಎಂಬ ಅಕ್ಷರಗಳೂ ಎರಡು ಅಂಕಿಗಳೂ ಇರುವುವು. ಮೊದಲನೆಯ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ ೬೫ ಎಂದರೆ ಧೂಳು ಒಳಹೊಗದು, ರಭಸವಾಗಿ ಎರಚಿದ ನೀರೂ ಹಾನಿ ಮಾಡದು. ಐಪಿ ೬೭ ಎಂದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ಆಗುಂಬೆಯಂತಹ, ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆಯಲ್ಲಿ ಎರಡನೆಯದನ್ನೇ ಕೇಳಿ ಪಡೆಯಬೇಕು. ಆದರೆ ಪೆಟ್ಟಿಗೆ ಎಷ್ಟು ಒಳ್ಳೆಯದಾದರೂ ನೀರು ಕೇಬಲಿನ ಜಾಡು ಹಿಡಿದು ಬರುವುದು. ಕೇಬಲು ಪೆಟ್ಟಿಗೆಯನ್ನು ಕೆಳಗಿನಿಂದ ಸೇರಬೇಕು, ಸೇರುವ ಮುನ್ನ ಅದನ್ನು ಒಂದು ಬಳಸು ಕೆಳಕ್ಕೆ ಜೋಲುಬಿಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕುವುದು. ತೂತುಗಳನ್ನೆಲ್ಲಾ ಮುಚ್ಚುವುದು, ಬೆಚ್ಚಗಿನ ಪೆಟ್ಟಿಗೆಯು ಇರುವೆಗೂ ಹಲ್ಲಿಗೂ ಬಹು ಪ್ರಿಯವಾದ ಬಿಡಾರ. ಹೊರಗಡೆಗೆಂದೇ ಮಾಡಿದ ಕಪ್ಪು ಹೊದಿಕೆಯ ಕೇಬಲನ್ನು ಉಪಯೋಗಿಸಿ, ಅಳಿಲು ಕಡಿಯದಂತೆ ಪೈಪಿನೊಳಗೆ ಹಾಯಿಸಬೇಕು. ರೇಡಿಯೋವಿಗೆ ಹೋಗುವ ಈ ಕೇಬಲು ೧೦೦ ಮೀಟರನ್ನು ಮೀರಕೂಡದು. ಇದೇ ಕೇಬಲು ಅಂಕಿಗಳನ್ನೂ ವಿದ್ಯುತ್ತನ್ನೂ ಒಟ್ಟಿಗೆ ಒಯ್ಯುವುದು.

ಇನ್ನು ವಿದ್ಯುತ್ತು. ತಮಿಳುನಾಡಿನ ತೇಣಿಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ವಿದ್ವಾಂಸರ ನೆರವಿನಿಂದ ಸುತ್ತಣ ಹಳ್ಳಿಗಳ ಕಣ್ಣಿನ ಕೇಂದ್ರಗಳಿಗೆ ಇಂತಹುದೇ ದೂರದ ವೈಫೈ ಸೇತುವೆಗಳನ್ನು ಕಟ್ಟಿದರು. ಹಳ್ಳಿಯ ರೋಗಿಯು ಹಳ್ಳಿಯಲ್ಲಿಯೇ ಕುಳಿತು, ವೈದ್ಯರು ತೇಣಿಯಲ್ಲಿ ಕುಳಿತು, ಒಬ್ಬರನ್ನೊಬ್ಬರು ನೋಡಿ ಮಾತನಾಡುವ ಏರ್ಪಾಟು ಅದು. ಅನುಭವದ ಫಲವನ್ನು ಅವರು ೨೦೦೮ರಲ್ಲಿ ಪ್ರಕಟಿಸಿದಾಗ ತಿಳಿದುಬಂದ ಸಂಗತಿಯೇನೆಂದರೆ, ಕೆಟ್ಟುಹೋದ ಸಂದರ್ಭಗಳಲ್ಲಿ ಬಹುಪಾಲು ಅಲೆಯ ದೋಷದಿಂದಾಗಿರದೆ ವಿದ್ಯುತ್ತಿನ ದೋಷದಿಂದಾಗಿದ್ದುವು. ಒಮ್ಮೆಗೇ ಏರುವ ವೋಲ್ಟೇಜು ಯಂತ್ರಗಳನ್ನು ಸುಡುತ್ತಿತ್ತು; ಕುಗ್ಗಿದ ವೋಲ್ಟೇಜಿನಲ್ಲಿ ಅವು ಅರ್ಧ ಎಚ್ಚರ ಅರ್ಧ ನಿದ್ರೆಯ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದುವು. ಕೇಂದ್ರದೊಳಗಿನ ವಿದ್ಯುತ್ತಿನ ಪಾಡೇ ಇದಾದರೆ, ಮೋಟರು ಚಾಲೂ ಆಗುವಾಗ ದೀಪವೇ ಮಂಕಾಗುವ ನಮ್ಮ ಪಂಪುಮನೆಗಳ ಪಾಡನ್ನು ವಾಚಕರೇ ಊಹಿಸಬಹುದು.

ಆದಕಾರಣ ಪಂಪುಮನೆಯ ರೇಡಿಯೋವನ್ನು ಮೋಟರಿನ ಲೈನಿಗೆ ಸೇರಿಸದೆ ಪ್ರತ್ಯೇಕವಾಗಿ ಸೌರಫಲಕದಿಂದ ನಡೆಸುವುದು ಉತ್ತಮ. ಲೆಕ್ಕವನ್ನು ಹೀಗೆ ಹಾಕಬೇಕು. ರೇಡಿಯೋ ೮ ವಾಟು ತಿನ್ನುವುದೆಂದಿಟ್ಟುಕೊಂಡರೆ ದಿನಕ್ಕೆ ೨೪ ಗಂಟೆಗೆ ೧೯೨ ವಾಟ್-ಗಂಟೆ. ಮೂರು ದಿನ ಸೂರ್ಯನೇ ಕಾಣದಿದ್ದರೆ ಬೇಕಾಗುವುದು ೫೭೬. ಇದು ೧೨ ವೋಲ್ಟಿನ ಬ್ಯಾಟರಿಯಲ್ಲಿ ೪೮ ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ತಗ್ಗುವುದರಿಂದ ೧೦೦ ಆಂಪಿಯರ್-ಗಂಟೆಯದನ್ನು ಇಡಬೇಕು. ಮಳೆಗಾಲದಲ್ಲಿ ದಿನಕ್ಕೆ ಎರಡು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಮಾತ್ರ ಸಿಕ್ಕುವುದೆಂದು ಹಿಡಿದರೆ, ನಷ್ಟವನ್ನೂ ಸೇರಿಸಿ ೧೫೦ ವಾಟಿನ ಫಲಕವು ಬೇಕಾಗುವುದು. ಫಲಕವನ್ನು ಮರದ ನೆರಳಿನಿಂದ ದೂರವಿಡುವುದು. ಅಂಗಡಿಯವನು ಬೇಸಗೆಯ ಲೆಕ್ಕದಲ್ಲಿ ೪೦ ವಾಟಿನದು ಸಾಕೆಂದರೆ ನಂಬಬೇಡಿ. ಫಲಕದಲ್ಲಿ ಉಳಿಸಿದ ಹಣವು ಆಷಾಢದಲ್ಲಿ ಗುಡ್ಡ ಹತ್ತಿಳಿಯುವುದರಲ್ಲಿ ಹೋಗುವುದು.

ನಮ್ಮಲ್ಲಿ ಸಿಡಿಲಿನ ಹಾವಳಿಯು ಮುಂಗಾರಿಗೆ ಮೊದಲು, ಅಶ್ವಿನಿ ಮಳೆಯಿಂದ ಕೃತ್ತಿಕೆಯವರೆಗೆ ಹೆಚ್ಚು. ರೇಡಿಯೋವಿಗಿಂತ ಮೇಲಕ್ಕೆ ಚಾಚಿದ ಒಂದು ಸಿಡಿಲು ಕಂಬಿಯನ್ನಿಟ್ಟು, ದಪ್ಪ ತಾಮ್ರದ ಅಥವಾ ಸತುವಿನ ಲೇಪದ ಕಬ್ಬಿಣದ ಪಟ್ಟಿಯಿಂದ ನೇರವಾಗಿ ನೆಲಕ್ಕಿಳಿಸಬೇಕು. ಭೂಸಂಪರ್ಕದ ತಡೆಯು ೧೦ ಓಮಿಗೆ ಮೀರದಿರಬೇಕು; ಎಲೆಕ್ಟ್ರಿಷಿಯನ್ನನಿಂದ ಅಳೆಯಿಸಿ ನೋಡುವುದು, ಊಹೆಗೆ ಬಿಡಬಾರದು. ಕೇಬಲಿನ ಎರಡು ತುದಿಗಳಲ್ಲಿಯೂ ಸರ್ಜ್ ಅರೆಸ್ಟರುಗಳನ್ನು ಹಾಕಿ, ಕಂಬದ ಭೂಸಂಪರ್ಕವನ್ನೂ ಮನೆಯ ಭೂಸಂಪರ್ಕವನ್ನೂ ಒಂದಕ್ಕೊಂದು ಕೂಡಿಸಬೇಕು. ಇವೆರಡನ್ನು ಬೇರೆ ಬೇರೆಯಾಗಿ ಬಿಟ್ಟರೆ ಸಿಡಿಲಿನ ಶಕ್ತಿಯು ಒಂದರಿಂದ ಇನ್ನೊಂದಕ್ಕೆ ತಮ್ಮ ರೂಟರಿನ ಮೂಲಕವೇ ಹಾದುಹೋಗುವುದು. ಸಿಡಿಲು ಕಂಬಕ್ಕೇ ಬಡಿದರೆ ಇದಾವುದೂ ರೇಡಿಯೋವನ್ನು ಉಳಿಸಲಾರದೆಂಬುದನ್ನು ಮರೆಮಾಚದೆ ಹೇಳುತ್ತೇನೆ. ಉಳಿಯುವುದು ಮನೆ ಮತ್ತು ಮನೆಯ ಜನ.

ಬೀಗ ಮತ್ತು ಬೀಗದ ಕೈ

ಈಗ ಬಹು ಜನ ಅಲಕ್ಷ್ಯ ಮಾಡುವ ವಿಷಯಕ್ಕೆ ಬರುತ್ತೇನೆ. ಪಂಪುಮನೆಗೆ ಬೀಗ ಹಾಕದ ಯಜಮಾನರಿಲ್ಲ. ಆದರೆ ಮೋಟರನ್ನು ಅಲೆಯ ಮೂಲಕ ನಡೆಸತೊಡಗಿದ ದಿನದಿಂದ ಪಂಪುಮನೆಗೆ ಎರಡನೆಯ ಬಾಗಿಲೊಂದು ತೆರೆದಂತಾಯಿತು. ಅಲೆಯು ತಮ್ಮ ಬೇಲಿಯಲ್ಲಿ ನಿಲ್ಲುವುದಿಲ್ಲ. ರಸ್ತೆಯಲ್ಲಿ ನಿಂತವನಿಗೂ ಅದು ಸಿಕ್ಕುವುದು.

ಬಯಲುಸೀಮೆಯ ಒಬ್ಬ ದೊಡ್ಡ ಹಿಡುವಳಿದಾರರ ಮನೆಯಲ್ಲಿ ನಡೆದುದನ್ನು ಕೇಳಿರಿ. ಕಟ್ಟಿಕೊಟ್ಟವನು ಮನೆಯ ವೈಫೈಗೂ ತೋಟದ ಸೇತುವೆಗೂ ಒಂದೇ ಪಾಸ್‌ವರ್ಡನ್ನಿಟ್ಟನು. ಅದು ಯಜಮಾನರ ಮೊಬೈಲ್ ನಂಬರು. ಮೋಟರಿನ ನಿಯಂತ್ರಕಕ್ಕೆ ಬೇರೆ ಪಾಸ್‌ವರ್ಡೇ ಇಲ್ಲ. ಮನೆಯ ಜಾಲವನ್ನು ಹೊಕ್ಕವರಿಗೆಲ್ಲಾ ಅದು ತೆರೆದ ಪುಸ್ತಕ. ಮನೆಯಲ್ಲಿ ಮದುವೆಯಾಯಿತು. ಬಂದ ನೆಂಟರ ಮಕ್ಕಳು ವೈಫೈ ಕೇಳಿದರು, ಇವರೂ ಸಂತೋಷದಿಂದ ಹೇಳಿದರು. ಕೆಲವು ವಾರಗಳ ಮೇಲೆ ಒಂದು ರಾತ್ರಿ ಬೋರ್‌ವೆಲ್ಲಿನ ಮೋಟರು ತಾನಾಗಿ ಚಾಲೂ ಆಗಿ, ನೀರು ಇಳಿದ ಮೇಲೆಯೂ ಬರಿದೆ ತಿರುಗಿ, ಬೆಳಗಿನ ಹೊತ್ತಿಗೆ ಸುಟ್ಟುಹೋಯಿತು. ಯಾರು ಮಾಡಿದರೆಂಬುದು ತಿಳಿಯಲಿಲ್ಲ; ದ್ವೇಷದಿಂದ ಮಾಡಿದುದೋ ಹುಡುಗಾಟವೋ ಅದೂ ತಿಳಿಯಲಿಲ್ಲ. ಮೂರು ವಾರ ಆ ಟೊಮಾಟೊ ಬೆಳೆಗೆ ನೀರಿಲ್ಲ.

ದೂರದ ಕಳ್ಳರು ಈ ಬಾಗಿಲನ್ನು ಹುಡುಕಿಕೊಂಡು ಬರುವುದೂ ಉಂಟು. ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಲ್ಲಿ ಇಟ್ಟುಬಿಡುವ ಸುಮಾರು ೬೦ ಹೆಸರು-ಪಾಸ್‌ವರ್ಡುಗಳ ಪಟ್ಟಿಯೊಂದನ್ನೇ ಹಿಡಿದು, ಲೋಕದಾದ್ಯಂತ ಲಕ್ಷಗಟ್ಟಲೆ ಕ್ಯಾಮರಾಗಳನ್ನೂ ರೂಟರುಗಳನ್ನೂ ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರಿನಲ್ಲಿ ಅವುಗಳಲ್ಲಿ ಅನೇಕವು ಒಮ್ಮೆಗೇ ನುಗ್ಗಿದುದರಿಂದ ಅಮೆರಿಕದ ಅನೇಕ ಹೆಸರಾಂತ ಜಾಲತಾಣಗಳು ಗಂಟೆಗಳ ಕಾಲ ಸಿಕ್ಕದೆ ಹೋದುವು. ಕ್ಯಾಮರಾಗಳ ಒಡೆಯರಿಗೆ ಇದರ ಸುಳಿವೇ ಇರಲಿಲ್ಲ.

ಮಾಡಬೇಕಾದುದು ಹೆಚ್ಚೇನಿಲ್ಲ. ವೈಫೈಯ ಮೊದಲ ಗುಪ್ತಲಿಪಿಯಾದ ವೆಪ್ ಎಂಬುದು ೨೦೦೧ರಲ್ಲಿಯೇ ಭೇದಿಸಲ್ಪಟ್ಟಿತು. ಅದು ಮುರಿದ ಬೀಗ. ೨೦೦೪ರಲ್ಲಿ ಬಂದ ಡಬ್ಲ್ಯುಪಿಎ-೨ ಅಥವಾ ೨೦೧೮ರಲ್ಲಿ ಬಂದ ಡಬ್ಲ್ಯುಪಿಎ-೩ ಇವುಗಳನ್ನೇ ಉಪಯೋಗಿಸಬೇಕು, ಎರಡನೆಯದು ದೊರೆತರೆ ಅದೇ ಮೇಲು. ಹಿಂದಿನದರಲ್ಲಿ ಕಳ್ಳನು ಅಲೆಯನ್ನೊಮ್ಮೆ ಹಿಡಿದುಕೊಂಡು ಮನೆಗೆ ಹೋಗಿ ಕುಳಿತು ಕೋಟಿ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡಬಹುದಾಗಿತ್ತು. ಹೊಸದರಲ್ಲಿ ಆ ದಾರಿಯನ್ನು ಮುಚ್ಚಿದ್ದಾರೆ. ಪಾಸ್‌ವರ್ಡು ೮ ಅಕ್ಷರಗಳಿಂದ ೬೩ರವರೆಗೆ ಇರಬಹುದು. ಮನೆದೇವರ ಹೆಸರು, ಮೊಬೈಲ್ ನಂಬರು, ಸರ್ವೆ ನಂಬರು, ಮಗನ ಹುಟ್ಟಿದ ವರ್ಷ ಇವು ಊರಿಗೆಲ್ಲಾ ತಿಳಿದ ಸಂಗತಿಗಳು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು ಸೇರಿಸಿದರೆ ಉದ್ದವೂ ಆಗುವುದು, ನೆನಪಿಗೂ ನಿಲ್ಲುವುದು. ಗುಂಡಿಯೊತ್ತಿ ಅಥವಾ ಎಂಟಂಕಿಯ ಪಿನ್ನಿನಿಂದ ಸುಲಭವಾಗಿ ಸೇರಿಸುವ ಡಬ್ಲ್ಯುಪಿಎಸ್ ಎಂಬ ಅನುಕೂಲವನ್ನು ಮುಚ್ಚಿಬಿಡುವುದು. ಅದರ ಪಿನ್ನಿನ ದೌರ್ಬಲ್ಯವು ೨೦೧೧ರಿಂದಲೂ ಬಯಲಾಗಿದೆ.

ನೆಂಟರಿಗೆ ಬೇರೆ ಜಾಲ, ಪಂಪಿಗೆ ಬೇರೆ ಜಾಲ. ಇದನ್ನು ಈಗಿನ ರೂಟರುಗಳಲ್ಲಿ ಹೆಚ್ಚು ಖರ್ಚಿಲ್ಲದೆ ಮಾಡಬಹುದು. ರೂಟರು, ಎರಡು ರೇಡಿಯೋಗಳು, ಕ್ಯಾಮರಾ, ನಿಯಂತ್ರಕ, ಇವು ಒಂದೊಂದಕ್ಕೂ ಕಾರ್ಖಾನೆಯ ಪಾಸ್‌ವರ್ಡನ್ನು ತೆಗೆದು ಹೊಸದನ್ನಿಡಬೇಕು. ಕಟ್ಟಿಕೊಟ್ಟವನು ಎಷ್ಟೇ ನಂಬಿಗಸ್ಥನಾಗಿರಲಿ, ಅವನು ಹೋದ ಮೇಲೆ ಒಮ್ಮೆ ಬದಲಿಸಿಕೊಳ್ಳುವುದು. ಮನೆ ಕಟ್ಟಿದ ಮೇಸ್ತ್ರಿಯ ಹತ್ತಿರ ಬೀಗದ ಕೈಯನ್ನು ಯಾರೂ ಬಿಡುವುದಿಲ್ಲವಷ್ಟೆ. ಯಂತ್ರದ ಕಂಪೆನಿಯವರು ಆಗಾಗ್ಗೆ ಕಳುಹಿಸುವ ಹೊಸ ತಂತ್ರಾಂಶವನ್ನು ಹಾಕಿಸಿಕೊಳ್ಳುತ್ತಿರಬೇಕು, ಏಕೆಂದರೆ ಭದ್ರವೆನಿಸಿದ ಡಬ್ಲ್ಯುಪಿಎ-೨ರಲ್ಲಿಯೇ ೨೦೧೭ರಲ್ಲಿ ಒಂದು ಬಿರುಕು ಕಂಡುಬಂದು, ಹೊಸ ತಂತ್ರಾಂಶದಿಂದಲೇ ಅದನ್ನು ಮುಚ್ಚಬೇಕಾಯಿತು. ಇನ್ನು ಪೆಟ್ಟಿಗೆಯಲ್ಲಿ ರೀಸೆಟ್ ಎಂಬ ಒಂದು ಸಣ್ಣ ಗುಂಡಿಯಿರುವುದು. ಅದನ್ನು ಕೆಲವು ಕ್ಷಣ ಒತ್ತಿಹಿಡಿದರೆ ತಾವಿಟ್ಟ ಪಾಸ್‌ವರ್ಡೆಲ್ಲಾ ಅಳಿಸಿಹೋಗಿ ಕಾರ್ಖಾನೆಯದೇ ಮರಳುವುದು. ಆದುದರಿಂದ ಪಂಪುಮನೆಯ ಯಂತ್ರಗಳನ್ನು ಬೀಗವುಳ್ಳ ಪೆಟ್ಟಿಗೆಯಲ್ಲಿಯೇ ಇಡತಕ್ಕದ್ದು. ಅಲೆಯ ಬೀಗಕ್ಕೂ ಕಬ್ಬಿಣದ ಬೀಗವೇ ಕಾವಲು.

ಇವೆಲ್ಲಕ್ಕಿಂತ ಮುಖ್ಯವಾದುದೊಂದಿದೆ. ಯಜಮಾನರು ಶಿವಮೊಗ್ಗೆಯಲ್ಲಿ ಕುಳಿತು ಮೊಬೈಲಿನಲ್ಲಿ ಗುಂಡಿ ಒತ್ತುವ ಹೊತ್ತಿಗೆ, ಇಲ್ಲಿ ಆಳೊಬ್ಬನು ಪಂಪಿನ ಬೆಲ್ಟನ್ನು ಸರಿಮಾಡುತ್ತಿರಬಹುದು, ಅಥವಾ ಸ್ಟಾರ್ಟರಿನ ಮುಚ್ಚಳ ತೆಗೆದು ಕೈಯಿಟ್ಟಿರಬಹುದು. ಹಿಂದೆ ಗುಂಡಿ ಒತ್ತುವವನ ಕಣ್ಣೆದುರಿಗೆ ಮೋಟರಿತ್ತು, ಈಗ ಇಲ್ಲ. ಆದಕಾರಣ ಪಂಪುಮನೆಯಲ್ಲಿ ಮೋಟರಿಗೆ ಹೋಗುವ ವಿದ್ಯುತ್ತನ್ನು ಪೂರ್ತಿಯಾಗಿ ಕಡಿಯುವ ಒಂದು ಸ್ವಿಚ್ಚನ್ನು ಇಟ್ಟು, ಅದನ್ನು ಇಳಿಸಿ ಬೀಗ ಹಾಕಿ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ಯಾರೂ ಮೋಟರನ್ನು ಮುಟ್ಟಕೂಡದೆಂದು ಕಟ್ಟುನಿಟ್ಟು ಮಾಡಬೇಕು. “ಈ ಮೋಟರು ತಾನಾಗಿ ಚಾಲೂ ಆಗುತ್ತದೆ” ಎಂದು ದಪ್ಪ ಅಕ್ಷರದಲ್ಲಿ ಬರೆಯಿಸಿ ಗೋಡೆಗೆ ತಗುಲಿಸುವುದು. ಓದಲು ಬಾರದವರಿಗೆ ಬಾಯಲ್ಲಿ ಹೇಳುವುದು. ಸಂಪರ್ಕವು ನಡುವೆ ಕಡಿದುಹೋದರೆ ಮೋಟರು ಇಷ್ಟು ಹೊತ್ತಿನ ಮೇಲೆ ತಾನೇ ನಿಲ್ಲುವಂತೆಯೂ, ನೀರು ತಗ್ಗಿದರೆ ನಿಲ್ಲುವಂತೆಯೂ ನಿಯಂತ್ರಕವನ್ನು ಅಳವಡಿಸಬೇಕು.

ಕಾನೂನಿನ ಮಾತು ಸ್ವಲ್ಪ. ನಿಸ್ತಂತು ಯಂತ್ರಗಳಿಗೆ ನಮ್ಮ ದೇಶದಲ್ಲಿ ೧೯೩೩ರ ಕಾನೂನಿನ ಕಾಲದಿಂದಲೂ ಲೈಸೆನ್ಸಿನ ಕಟ್ಟಳೆಯುಂಟು. ೨.೪ ಗಿಗಾಹರ್ಟ್ಸಿನ ಪಟ್ಟಿಗೂ, ಲೋರಾ ನಡೆಯುವ ೮೬೫ ಮೆಗಾಹರ್ಟ್ಸಿನ ಸುತ್ತಣ ಪಟ್ಟಿಗೂ ೨೦೦೫ರಲ್ಲಿ, ಐದು ಗಿಗಾಹರ್ಟ್ಸಿನ ಪಟ್ಟಿಗಳಿಗೆ ಹೊರಾಂಗಣದಲ್ಲಿಯೂ ೨೦೧೮ರಲ್ಲಿ ಕೇಂದ್ರ ಸರ್ಕಾರವು ಗೊತ್ತಾದ ಶಕ್ತಿಯ ಮಿತಿಯೊಳಗೆ ವಿನಾಯಿತಿಯನ್ನು ಕೊಟ್ಟಿದೆ. ಅನುಮೋದನೆ ಪಡೆದ ಯಂತ್ರವನ್ನೇ ಕೊಳ್ಳಬೇಕು. ಆದರೆ ಮೊಬೈಲಿನ ಸಿಗ್ನಲ್ಲನ್ನು ಹೆಚ್ಚಿಸುವ ಬೂಸ್ಟರು ಎಂಬ ಪೆಟ್ಟಿಗೆಯನ್ನು ಖಾಸಗಿಯವರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಅದು ಸುತ್ತಣವರ ಸಂಪರ್ಕವನ್ನೂ ಕೆಡಿಸುವುದು. ಮಲೆನಾಡಿನಲ್ಲಿ ಇದನ್ನು ಮಾರುವವರು ಬರುತ್ತಾರೆ. ಕೊಳ್ಳಬಾರದು.

ಈ ವರ್ಷ ಕಂಬ ನಿಲ್ಲಿಸಬೇಕೆಂದಿರುವ ಯಜಮಾನರು ಭಾದ್ರಪದದೊಳಗಾಗಿ ಇಲಾಖೆಗೆ ಕಾಗದ ಬರೆದು, ಮನೆಗೂ ಪಂಪುಮನೆಗೂ ಇರುವ ದೂರವನ್ನೂ, ನಡುವೆ ಇರುವ ಮರಗಳ ಜಾತಿಯನ್ನೂ, ಪಂಪುಮನೆಯಲ್ಲಿ ಮೊಬೈಲಿನ ಸಿಗ್ನಲ್ ಉಂಟೋ ಇಲ್ಲವೋ ಎಂಬುದನ್ನೂ ತಿಳಿಸಿದಲ್ಲಿ, ಸರ್ಕೀಟಿನ ಕಾಲದಲ್ಲಿ ಬಂದು ನೋಟದ ರೇಖೆಯನ್ನು ನೋಡಿ ಹೇಳಲಾಗುವುದು. ಬಿದಿರಿದ್ದರೆ ತಪ್ಪದೆ ಬರೆಯತಕ್ಕದ್ದು.